ಅರ್ಧ ಬಕೆಟ್ ನೀರು

ನೀರು ತುಂಬುವ ಹಬ್ಬದ ಸಂಜೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಹಂಡೆ ತೊಳೆದು, ಪೂಜೆ ಮಾಡಿ ನೀರು ತುಂಬಿಸಿದ್ದಾಗಿತ್ತು. ಇದ್ದಬದ್ದ ಬಕೆಟ್ಟುಗಳಿಗೂ ಹಿಡಿದಿಟ್ಟಿದ್ದೆ. ಗುಂಡ್ಲುಪೇಟೆಯಿಂದ ಬಂದಿದ್ದ ನಾದಿನಿ ಕಜ್ಜಾಯ ಬೇಯಿಸ್ತಿದ್ದಳು, ಅವಳ ಮಗಳು ಬಟ್ಟೆ ಮಡಿಸ್ತಿದ್ದಳು, ನಾನು ಹೂ ಕಟ್ಟುತ್ತಿದ್ದೆ. ಹದಿನಾಲ್ಕು ತಿಂಗಳ ಮೊಮ್ಮಗ ನಮ್ಮ ಮಧ್ಯೆಯೇ ದುಡುದುಡು ಓಡಾಡಿಕೊಂಡಿದ್ದ. ಇಷ್ಟು ಜನ ಇದೀವಲ್ಲ, ಒಂದು ಮಗು ನೋಡಿಕೊಳ್ಳೋದೇನು ಮಹಾ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ಇದ್ದಕ್ಕಿದ್ದಂತೆ ಮನೆ ಸುಮ್ಮನಾಯಿತು. ಬಚ್ಚಲಿಗೆ ಓಡಿ ನೋಡಿದರೆ, ಅರ್ಧ ಬಕೆಟ್ ನೀರಿನೊಳಗೆ ತಲೆ, ಕಾಲೆರಡೂ ಮೇಲೆ! ಎಳೆದೆತ್ತಿಕೊಂಡೆ. ಕೆಮ್ಮಿದ, ನೀರು ಕಕ್ಕಿದ, ಕಿಟಾರನೆ ಅತ್ತ. ಮಗುವಿನ ಅಳು ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

“ನೀವು ನೋಡ್ತಿದೀರಿ ಅಂದ್ಕೊಂಡೆ ಅತ್ತಿಗೆ” ಅಂದಳು ನಾದಿನಿ. ನಾನು ಅವರಮ್ಮನ ಹತ್ತಿರ ಇದಾನೆ ಅಂದುಕೊಂಡಿದ್ದೆ.

ಕೂಡಲೇ ಡಾಕ್ಟರ ಹತ್ತಿರ ಒಯ್ದೆವು. ಮಗು ಅತ್ತು ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು, ನೀರು ಶ್ವಾಸಕೋಶಕ್ಕೆ ಹೋಗಿರಬಹುದು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯೇ ಭಾರ. ಬಗ್ಗಿ ಬಿದ್ದರೆ ಮತ್ತೆ ಎತ್ತಲಾರವು. ನೀರು ತುಂಬಿದ ಬಕೆಟ್ ಉರುಳುವುದೂ ಇಲ್ಲ. ಮೂಗು, ಬಾಯಿ ಮುಳುಗಲು ಒಂದೆರಡು ಅಂಗುಲ ನೀರು ಸಾಕು. ಬಾಯಿ ನೀರಲ್ಲಿರುವಾಗ ಕೂಗೋದಾದರೂ ಹೇಗೆ?

ಅಂದಿನಿಂದ ನಮ್ಮಲ್ಲೊಂದು ಪದ್ಧತಿ. ಕೈ ಬಿಡುವಾಗ “ಮಗು ಈಗ ನಿನ್ನ ಹತ್ತಿರ” ಅಂತ ಹೆಸರು ಹಿಡಿದು ಹೇಳೋದು, ಅವರು “ಹೂಂ” ಅಂದಮೇಲೇ ಏಳೋದು. ಮೊದಮೊದಲು ಗಂಡಸರು ನಕ್ಕರು. ನಗಲಿ ಬಿಡಿ, ಈಗ ಅವರೂ “ಹೂಂ” ಅಂತಾರೆ. ಬಕೆಟ್ ಬೋರಲು ಹಾಕ್ತೀವಿ, ಹಂಡೆಗೆ ಮುಚ್ಚಳ, ಬಚ್ಚಲ ಬಾಗಿಲಿಗೆ ಮೇಲಿನ ಚಿಲಕ.

ಹೊಲದಲ್ಲೂ ಬಾಯಿ ತೆರೆದದ್ದು ಇರಬಾರದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಂತ ತೆಗೆದರು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ.

ಇನ್ನು ಒಲೆಯ ಹತ್ತಿರ. ಬಾಣಲೆಯ ಹಿಡಿ ಗೋಡೆ ಕಡೆಗಿರಲಿ. ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರು ಹಾಯಿಸಿ ಆಸ್ಪತ್ರೆಗೆ ಒಯ್ಯಿರಿ; ಅರಿಸಿನ, ಟೂತ್‌ಪೇಸ್ಟು ಬಳಿಯಬೇಡಿ. ಗುಂಡ್ಲುಪೇಟೆ ಕಡೆ ಅರಿಸಿನ ಬೇಯಿಸುವಾಗ ಕೊಪ್ಪರಿಗೆ ಹತ್ತಿರ ಮಕ್ಕಳನ್ನು ಬಿಡಲೇಬಾರದು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದು ಇನ್ನೂ ಕೆಡುಕು; 108ಕ್ಕೆ ಫೋನ್ ಮಾಡಿ. ಇಡೀ ಕಡಲೆಕಾಯಿ ಬೀಜ ಕೈಗೆ ಕೊಡಬೇಡಿ, ಪುಡಿ ಮಾಡಿ ಕೊಡಿ.

ಮೊನ್ನೆ ಗುಂಡ್ಲುಪೇಟೆಗೆ ಹೋಗಿದ್ದೆ. ನಮ್ಮ ತುಂಟ ಸ್ಟೂಲ್ ಎಳೆದುಕೊಂಡು ಬಚ್ಚಲ ಚಿಲಕಕ್ಕೆ ಕೈ ಹಾಕ್ತಿದ್ದ. ಸ್ಟೂಲ್ ಈಗ ಅಟ್ಟದ ಮೇಲಿದೆ.