ಉಳಿದ 39 ಎಲ್ಲಿ?

ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಹೆಸರಿದೆ: ಟಿ.ಕೆ. ಎಲ್ಲಪ್ಪ, ಬೆಂಗಳೂರು. ಜೊತೆಗೆ ತಾರೀಖು, 1923ರ ಡಿಸೆಂಬರ್. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ಸೂಚನೆಯಂತೆ ತಯಾರಿಸಿದ್ದು ಎಂಬ ಒಕ್ಕಣೆ ಬೇರೆ. ಮೇಲೆ ಹಾಳೆ ತುಂಬ ಹರಡಿಕೊಂಡಿರುವುದು ಶಕುನ ವಿಮಾನ. ಹಕ್ಕಿಯ ರೆಕ್ಕೆ, ಹಕ್ಕಿಯ ಬಾಲ, ಹೊಟ್ಟೆಯೊಳಗೆ ಮಹಡಿ, ಮಹಡಿಯೊಳಗೆ ಕೊಳವೆ, ಹಲ್ಲುಗಾಲಿ. ಝೆರಾಕ್ಸಿನ ಝೆರಾಕ್ಸ್ ಆಗಿದ್ದರಿಂದ ಗೆರೆಗಳು ದಪ್ಪಗಾಗಿ ಒಂದರ ಮೇಲೊಂದು ಬಿದ್ದಿದ್ದವು. ಆದರೂ ಸ್ಕೇಲ್ ಇಟ್ಟು, ಉಸಿರು ಹಿಡಿದು ಎಳೆದ ಕೈ ಅದು ಎಂಬುದು ಗೊತ್ತಾಗುತ್ತಿತ್ತು.

ಈ ಹಾಳೆ ನನಗೆ ಸಿಕ್ಕಿದ್ದು ಆನೇಕಲ್ಲಿನಲ್ಲೂ ಅಲ್ಲ, ಮೈಸೂರಿನ ಹಳೆಯ ಪುಸ್ತಕದಂಗಡಿಯಲ್ಲೂ ಅಲ್ಲ. ಮೂಡಲಗಿ ತಾಲೂಕಿನ ಮಸಗುಪ್ಪಿಯಲ್ಲಿ. ನೆಂಟರೊಬ್ಬರ ವಾಸ್ತುಶಾಂತಿಗೆ ಹೋಗಿದ್ದೆ. ಊಟ ಮುಗಿಸಿ ಎಲೆಅಡಿಕೆ ಹಿಡಿದು ಹೊರಗೆ ಬಂದರೆ ಒಬ್ಬ ಹಿರಿಯರು ನೇರ ನನ್ನ ಬಳಿಗೇ ಬಂದರು. ಬಿಳಿ ಧೋತರ, ಗಾಂಧಿ ಟೋಪಿ, ಕಿಸೆಯಲ್ಲಿ ಎರಡು ಪೆನ್ನು. ನಿವೃತ್ತ ಗಣಿತ ಮಾಸ್ತರರು.

“ಪೇಪರಿನ್ಯಾಗ ಬರಿಯವ್ರು ನೀವ ಅಲ್ರಿ? ನಮ್ಮ ಮನೀಗೆ ಬರ್ರಿ, ಒಂದ್ ಚಾ ಕುಡದ ಹೋಗಾಕ ಬರತೈತಿ.”

ಚಹಾ ನೆಪ. ಒಳಕೋಣೆಯ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದದ ಕಟ್ಟು ಹೊರಬಂತು. ಮೈಸೂರಿನ ಜಿ.ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ‘ವೈಮಾನಿಕ ಶಾಸ್ತ್ರ’ದ ಪ್ರತಿ. ಈ ಪುಸ್ತಕದ ಬಗ್ಗೆ ನೀವೂ ಕೇಳಿರುತ್ತೀರಿ, ಯಾರಾದರೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿಯೂ ಇರುತ್ತಾರೆ. ಪಾದರಸದ ಇಂಜಿನ್, ಋಷಿಗಳ ವಿಮಾನ, ಇತ್ಯಾದಿ. ಮಾಸ್ತರರು ಹಾಗೆ ಶುರು ಮಾಡುತ್ತಾರೆಂದುಕೊಂಡು ಮನಸ್ಸಿನಲ್ಲೇ ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದೆ. ಅವರು ಬೇರೆಯೇ ದಾರಿ ಹಿಡಿದರು.

“ವಿಮಾನದ ಮಾತು ಬಿಡ್ರಿ, ಅದು ಹೊರಗ ಬಂದೈತಿ. ಇದು ನಲವತ್ತರಾಗ ಒಂದ ಅಷ್ಟ. ಉಳದ ಮೂವತ್ತೊಂಬತ್ತು ಎಲ್ಲಿ ಅದಾವು?”

ಪ್ರಶ್ನೆ ಪುಸ್ತಕದೊಳಗಿನದೇ. ಈ ಗ್ರಂಥ ಭರದ್ವಾಜ ಮಹರ್ಷಿಯ ‘ಯಂತ್ರ ಸರ್ವಸ್ವ’ ಎಂಬ ಮಹಾಗ್ರಂಥದ ನಲವತ್ತು ಪ್ರಕರಣಗಳಲ್ಲಿ ಒಂದು ಎಂದು ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತದೆ. ಅಂದಮೇಲೆ ಇನ್ನೂ 39 ಯಂತ್ರಶಾಸ್ತ್ರಗಳು ಇದನ್ನು ಬಾಯಿಂದ ಹೇಳಿ ಬರೆಸಿದ ಸುಬ್ಬರಾಯ ಶಾಸ್ತ್ರಿಗಳ ತಲೆಯಲ್ಲಿ ಇದ್ದಿರಬೇಕು, ಯಾರೋ ಶಿಷ್ಯರು ಬರೆದುಕೊಂಡಿರಬೇಕು, ಯಾವುದೋ ಅಟ್ಟದ ಮೇಲೆ ಕೂತಿರಬೇಕು. ಅದರಲ್ಲಿ ಮುಂದೆ ಹೊರಬರುವುದು ಯಾವುದು? ಜಗತ್ತನ್ನು ತಿರುಗಿಸಿ ಇಡುವಂಥದ್ದು ಯಾವುದು? ಮಾಸ್ತರರು ಇದರ ಬಗ್ಗೆ ವರ್ಷಗಟ್ಟಲೆ ಯೋಚಿಸಿ ತಮ್ಮದೇ ಪಟ್ಟಿ ಮಾಡಿಕೊಂಡಿದ್ದಾರೆ. ಒಂದು, ತಂತಿ ಇಲ್ಲದ ಕರೆಂಟು. ಇನ್ನೊಂದು, ಪಂಪ್‌ಸೆಟ್ ಇಲ್ಲದೆ ಘಟಪ್ರಭೆಯ ನೀರನ್ನು ಹೊಲಕ್ಕೆ ಏರಿಸುವ ಯಂತ್ರ. ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಕಬ್ಬು ಕಡಿಯುವ ಯಂತ್ರ. ಈಗಿನ ಹಾರ್ವೆಸ್ಟರ್ ಅವರಿಗೆ ಸರಿಬರುವುದಿಲ್ಲ. ಸಣ್ಣ ಹಿಡುವಳಿಯೊಳಗೆ ಅದು ತಿರುಗುವುದಿಲ್ಲ. “ಗ್ಯಾಂಗಿನವರಿಗೆ ಮುಂಗಡ ಕೊಟ್ಟು ಅವರ ದಾರಿ ಕಾಯೂದ ತಪ್ಪಿದರ ಸಾಕ್ರಿ. ಅದ ನಮಗ ವಿಮಾನ.”

ಹಾಸ್ಯ ಮಾಡುತ್ತಿದ್ದಾರೋ ಏನೋ ಎಂದು ಮುಖ ನೋಡಿದೆ. ಇಲ್ಲ.

ಶಾಸ್ತ್ರಿಗಳ ಕಥೆಯನ್ನು ಸಂಕ್ಷೇಪದಲ್ಲಿ ಹೇಳಿಬಿಡುತ್ತೇನೆ. ಹುಟ್ಟಿದ್ದು 1866ರಲ್ಲಿ, ಹೊಸೂರು ಕಡೆಯ ಹಳ್ಳಿಯಲ್ಲಿ. ಬಡತನ, ತಬ್ಬಲಿತನ, ಸಿಡುಬು, ಭಿಕ್ಷೆ, ಅಲೆದಾಟ. ಕೋಲಾರದ ಕಡೆ ಒಬ್ಬ ಸಾಧು ಸಿಕ್ಕು ವಿದ್ಯೆ ಕೊಟ್ಟರೆಂದು ಅವರ ಚರಿತ್ರೆ ಹೇಳುತ್ತದೆ. ಆಮೇಲೆ ಆನೇಕಲ್ಲಿನಲ್ಲಿ ನೆಲೆ. ತಾವೇ ಕುಳಿತು ಬರೆಯುವವರಲ್ಲ. ಧ್ಯಾನಸ್ಥಿತಿಯಂಥ ಹೊತ್ತಿನಲ್ಲಿ ಶ್ಲೋಕಗಳು ಬಾಯಿಂದ ಬರುತ್ತಿದ್ದವು, ವೆಂಕಟಾಚಲ ಶರ್ಮರು ಬರೆದುಕೊಳ್ಳುತ್ತಿದ್ದರು. 1918ರಿಂದ 1923ರವರೆಗೆ ಈ ಕೆಲಸ ನಡೆಯಿತು. ಶಾಸ್ತ್ರಿಗಳು ತೀರಿಕೊಂಡದ್ದು 1940ರ ಸುಮಾರಿಗೆ. ಅದೇ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು, ಈಗಿನ ಎಚ್‌ಎಎಲ್‌ನ ಬೇರು. ಆನೇಕಲ್ಲಿನಿಂದ ಅಲ್ಲಿಗೆ ಎಷ್ಟು ದೂರ!

ಗುಟ್ಟು ಈ ಪುಸ್ತಕದ ಕಸುಬು. ವಿಮಾನ ನಡೆಸುವವನು 32 ರಹಸ್ಯಗಳನ್ನು ಗುರುವಿನಿಂದಲೇ ಕಲಿಯಬೇಕು. ವಿಮಾನವನ್ನು ಮರೆಮಾಡುವುದು, ಬೇರೆ ವಿಮಾನದೊಳಗಿನ ಮಾತು ಕದ್ದು ಕೇಳುವುದು, ಹಾವಿನಂತೆ ಅಂಕುಡೊಂಕಾಗಿ ಓಡಿಸುವುದು ಎಲ್ಲ ಅದರಲ್ಲಿವೆ. ಚಾಲಕನ ಉಡುಪಿಗೂ ಊಟಕ್ಕೂ ಕಟ್ಟಳೆಗಳುಂಟು, ಯಾವ ಋತುವಿನಲ್ಲಿ ಎಮ್ಮೆ ಹಾಲು, ಯಾವ ಋತುವಿನಲ್ಲಿ ಆಕಳ ಹಾಲು ಎಂಬಷ್ಟು ವಿವರವಾಗಿ. ಹೆಸರುಗಳ ಸುರಿಮಳೆ, ಲೋಹಗಳ ಪಟ್ಟಿ, ಕನ್ನಡಿಗಳ ಪಟ್ಟಿ. ಆದರೆ ಒಬ್ಬ ಕಮ್ಮಾರ ಓದಿ ನಾಳೆ ಬೆಳಿಗ್ಗೆ ಕುಲುಮೆ ಹೊತ್ತಿಸುತ್ತೇನೆ ಅನ್ನುವಂಥ ಒಂದು ಪುಟ ನನಗೆ ಸಿಗಲಿಲ್ಲ.

ಅದಕ್ಕೇ ನನ್ನ ಪ್ರೀತಿಯೆಲ್ಲ ಎಲ್ಲಪ್ಪನವರ ಮೇಲೆ. ಸ್ಥಳೀಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್ ಅವರು. ಅವರ ಪಾಡು ಒಮ್ಮೆ ಯೋಚಿಸಿ. ಎದುರಿಗೆ ಅರವತ್ತರ ಹತ್ತಿರದ ಪಂಡಿತರು ಕೂತು ಪೀಠ ಹೀಗಿದೆ, ಕೊಳವೆ ಹಾಗಿದೆ ಎನ್ನುತ್ತಾರೆ. ಶ್ಲೋಕಕ್ಕೆ ಅಷ್ಟು ಸಾಕು, ನಕಾಶೆಗೆ ಸಾಲದು. ಈ ಕೊಳವೆ ಯಾವ ಮಹಡಿಯ ನೆಲ ತೂರಿ ಹೋಗಬೇಕು? ಹಲ್ಲುಗಾಲಿ ಯಾವುದಕ್ಕೆ ಹಲ್ಲು ಕೊಡಬೇಕು? ಕಂಬ ಎಲ್ಲಿ ಊರಬೇಕು? ಮಾತು ಅರ್ಧದಲ್ಲಿ ನಿಲ್ಲಬಹುದು, ಗೆರೆ ಗಾಳಿಯಲ್ಲಿ ನಿಲ್ಲಲಾರದು. ಹಾಗಾಗಿ ಶಾಸ್ತ್ರಿಗಳು ಹೇಳದೆ ಬಿಟ್ಟದ್ದನ್ನೆಲ್ಲ ಎಲ್ಲಪ್ಪ ತುಂಬಿಸಿದ್ದಾರೆ. ತಮಗೆ ಗೊತ್ತಿದ್ದ ಯಂತ್ರಗಳಿಂದ ತುಂಬಿಸಿದ್ದಾರೆ. 1923ರ ಬೆಂಗಳೂರಿನವನಿಗೆ ವಿದ್ಯುತ್ ಮೋಟಾರು ಹೊಸದೇನಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿಸಿತ್ತು. (ನಮ್ಮ ಗೋಕಾಕ ಮಿಲ್ಲು 1887ರಿಂದಲೇ ಫಾಲ್ಸಿನ ನೀರಿನ ಬಲದಲ್ಲಿ ತಿರುಗಿತ್ತು ಎಂದು ಮಾಸ್ತರರು ಇಲ್ಲಿ ನಡುವೆ ಬಾಯಿ ಹಾಕಿದರು. ಗೋಕಾಕ ಸೀಮೆಯಲ್ಲಿ ಕೂತು ಶಿವನಸಮುದ್ರವನ್ನು ಹೊಗಳಿದರೆ ಸುಮ್ಮನಿರುತ್ತಾರೆಯೇ?) ಎಲ್ಲಪ್ಪನವರಿಗೆ ಇದು ಬಹುಶಃ ಜಾಬ್‌ವರ್ಕ್ ಎಂದು ಒಪ್ಪಿಕೊಂಡ ಕೆಲಸ. ಆದರೆ ಪುಸ್ತಕ ಇವತ್ತಿಗೂ ಬದುಕಿರುವುದು ಶ್ಲೋಕಗಳಿಂದಲ್ಲ, ಆ ನಕಾಶೆಗಳಿಂದ. ಇಂಟರ್‌ನೆಟ್ಟಿನಲ್ಲಿ ಹರಿದಾಡುವ ‘ಪ್ರಾಚೀನ ವಿಮಾನ’ದ ಚಿತ್ರಗಳಲ್ಲಿ ಎಷ್ಟೋ ಎಲ್ಲಪ್ಪನವರ ಗೆರೆಗಳೇ, ಹೆಸರು ಮಾತ್ರ ಕತ್ತರಿಸಿರುತ್ತಾರೆ.

ರುಕ್ಮ ವಿಮಾನದ ಹಾಳೆ ನೋಡಬೇಕು. ಜಾತ್ರೆಯ ತೇರಿನ ಹಾಗೆ ಕೆಳಗೆ ಅಗಲ, ಮೇಲೆ ಚೂಪು. ಪಠ್ಯದ ಪ್ರಕಾರ ಅದರ ಪೀಠ ಆಮೆಯಾಕಾರದ್ದು, ಸುತ್ತಳತೆ 1,000 ಅಡಿ, ‘ಅಥವಾ ಬೇಕಾದಷ್ಟು’. ದಪ್ಪ 15 ಅಡಿ. ಆ ‘ಬೇಕಾದಷ್ಟು’ ಓದಿ ನಾನು ನಕ್ಕೆ. ಮಾಸ್ತರರು ನಗಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಲೆಕ್ಕಕ್ಕೆ ಕೂತರು. ಸುತ್ತಳತೆ 1,000 ಅಂದರೆ ವ್ಯಾಸ ಸುಮಾರು 318 ಅಡಿ. ವಿಸ್ತೀರ್ಣ 79,577 ಚದರಡಿ. ಎಕರೆಗೆ 43,560ರಂತೆ ಭಾಗಿಸಿದರೆ ಒಂದು ಎಕರೆ 33 ಗುಂಟೆ.

“ನನ್ನ ಕಬ್ಬಿನ ಹೊಲದಾಗ ಇಳೀತೈತ್ರಿ. ಬದು ಅಷ್ಟ ಕೆಡತೈತಿ.”

ಅತಿ ದೊಡ್ಡ ಪ್ರಯಾಣಿಕ ವಿಮಾನ ಏರ್‌ಬಸ್ ಎ380ರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 262 ಅಡಿ. ಅದಕ್ಕಿಂತ ಅಗಲದ, 15 ಅಡಿ ದಪ್ಪದ ಲೋಹದ ಪೀಠವೊಂದು, ಅದರ ಮೇಲೆ ಮಹಡಿಗಳು. ಇಷ್ಟನ್ನು ಎತ್ತಲು ಎಷ್ಟು ಬಲ ಬೇಕು ಎಂದು ಕೇಳಿದೆ. ಅದು ಉಳಿದ 39ರಲ್ಲಿ ಇದೆ ಎಂಬ ಉತ್ತರ ತಯಾರಿತ್ತು. ಗಣಿತ ಕಲಿಸಿದವರು ಲೆಕ್ಕವನ್ನು ಹೀಗೆ ಮುಂದಿನ ಪಾಠಕ್ಕೆ ದೂಡುವುದು ನೋಡಿ ನನಗೆ ಸಂಕಟವೂ ಆಯಿತು, ಅವರ ಮೇಲೆ ಅಕ್ಕರೆಯೂ ಹೆಚ್ಚಿತು.

ಗುಟ್ಟು ಮಾಡುವವರೆಲ್ಲ ಬುರುಡೆ ಬಿಡುವವರು ಎಂದು ನಾನು ಹೇಳುತ್ತಿಲ್ಲ. ಶಾಸ್ತ್ರಿಗಳ ಕಾಲದಲ್ಲೇ ಅಮೆರಿಕದ ಒಹಾಯೊದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಬ್ಬರು ಅಣ್ಣತಮ್ಮಂದಿರಿಗಿಂತ ಗುಟ್ಟಿನವರು ಯಾರಿದ್ದರು? ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿದರು. 1905ರ ಅಕ್ಟೋಬರಿನಲ್ಲಿ ಒಂದೇ ಹಾರಾಟದಲ್ಲಿ 24 ಮೈಲಿ ಸುತ್ತಿದರು. ಆಮೇಲೆ ಪೇಟೆಂಟಿನ ಭಯ, ಕರಾರಿನ ಚೌಕಾಸಿ. ಯಂತ್ರವನ್ನು ಮುಚ್ಚಿಟ್ಟು 1908ರ ಮೇ ತನಕ ನೆಲ ಬಿಡಲಿಲ್ಲ. ಇವರು ಹಾರುವವರೋ ಸುಳ್ಳರೋ ಎಂದು ಪ್ಯಾರಿಸ್ಸಿನ ಪತ್ರಿಕೆ ಬಹಿರಂಗವಾಗಿ ಕೇಳಿತು. 1908ರ ಆಗಸ್ಟ್ 8ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ ವಿಲ್ಬರ್ ರೈಟ್ ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಹಾರಿ ಇಳಿದ. ಅಲ್ಲಿಗೆ ಪ್ರಶ್ನೆ ಮುಗಿಯಿತು. ಶಾಸ್ತ್ರಿಗಳ ಕಡೆ ಅಂಥ ಎರಡು ನಿಮಿಷ ಬರಲೇ ಇಲ್ಲ. ಮುಂಬೈಯ ಶಿವಕರ ಬಾಪೂಜಿ ತಳಪದೆ ಶಾಸ್ತ್ರಿಗಳ ನೆರವಿನಿಂದ ಮಾದರಿಗಳನ್ನು ಕಟ್ಟಿದ್ದರು, ಯಾವುದೂ ಹಾರಲಿಲ್ಲ. 1895ರಲ್ಲಿ ತಳಪದೆ ಚೌಪಾಟಿಯಲ್ಲಿ ವಿಮಾನ ಹಾರಿಸಿದ್ದರೆಂಬ ಕಥೆ 2015ರಲ್ಲಿ ಹಿಂದಿ ಸಿನಿಮಾ ಆಯಿತು. ಅದೇ ವರ್ಷ ಜನವರಿಯಲ್ಲಿ ಮುಂಬೈಯ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಚೀನ ವಿಮಾನಗಳ ಬಗ್ಗೆ ಪ್ರಬಂಧ ಮಂಡನೆಯಾಗಿ ಗದ್ದಲವೂ ಆಯಿತು.

ಇನ್ನೊಂದು ಬಗೆಯ ಗುಟ್ಟೂ ಉಂಟು. 2001ರ ಜನವರಿಯಲ್ಲಿ ಅಮೆರಿಕದ ಡೀನ್ ಕೇಮನ್ ಎಂಬ ಸಂಶೋಧಕ ಏನನ್ನೋ ಮಾಡುತ್ತಿದ್ದಾನೆಂಬ ಸುದ್ದಿ ಸೋರಿತು. ‘ಜಿಂಜರ್’ ಎಂಬ ಗುಪ್ತನಾಮ. ಏನೆಂದು ಹೇಳದ ವಸ್ತುವಿನ ಬಗ್ಗೆ ಪುಸ್ತಕ ಬರೆಯಲು ಪ್ರಕಾಶಕರು 2,50,000 ಡಾಲರ್ ಮುಂಗಡ ಕೊಟ್ಟರು. ಊಹೆಗಳೋ ಊಹೆಗಳು: ತೇಲುವ ಗಾಡಿ, ಹೊಸ ಇಂಜಿನ್, ಅಕ್ಷಯ ಇಂಧನ. ಡಿಸೆಂಬರ್ 3ರಂದು ಟೀವಿಯಲ್ಲಿ ಪರದೆ ಸರಿಸಿದರೆ ಹೊರಬಂದದ್ದು ನಿಂತುಕೊಂಡು ಓಡಿಸುವ ಎರಡು ಗಾಲಿಯ ಸೆಗ್ವೇ. ಒಳಗಿನ ತಂತ್ರ ಸೊಗಸಾದದ್ದೇ. ಆದರೆ ಊಹೆ ಮಾಡಿ ಮಾಡಿ ಜನ ಅದನ್ನು ಆಕಾಶಕ್ಕೆ ಏರಿಸಿಬಿಟ್ಟಿದ್ದರು. 2020ರಲ್ಲಿ ಅದರ ತಯಾರಿಕೆ ನಿಂತಿತು. ಈ ಕಥೆ ಹೇಳಿದಾಗ ಮಾಸ್ತರರು ತಲೆಯಾಡಿಸಿ, ಕೇಮನ್ ತೆರೆದು ತೋರಿಸಿದ್ದೇ ತಪ್ಪು ಅಂದರು. ಅವರ ಮಾತಿನಲ್ಲಿ ವ್ಯಾಪಾರದ ಜಾಣತನ ಇಲ್ಲದಿಲ್ಲ.

ಆನೇಕಲ್ಲಿನ ವಿಮಾನಗಳನ್ನು ತೆರೆದು ನೋಡಿದವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು. ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿನ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್.ಪಿ. ಗೋವಿಂದರಾಜು 1974ರಲ್ಲಿ ಪ್ರಕಟಿಸಿದ ಪರಿಶೀಲನೆಯನ್ನು, ಪರ ಇರಲಿ ವಿರೋಧ ಇರಲಿ, ಈ ವಿಷಯ ಮಾತಾಡುವವರು ಮೊದಲು ಓದಬೇಕು. ಅವರು ಪುಸ್ತಕವನ್ನು ಗೇಲಿ ಮಾಡಿ ಬದಿಗೆ ಎಸೆಯಲಿಲ್ಲ. ಶಾಸ್ತ್ರಿಗಳ ಹಿನ್ನೆಲೆ ವಿಚಾರಿಸಿದರು, ಸಂಸ್ಕೃತದ ಧಾಟಿ ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ನಾಲ್ಕೂ ವಿಮಾನಗಳನ್ನು ಇಂಜಿನಿಯರರ ಮೇಜಿನ ಮೇಲೆ ಹರವಿದರು. ತೀರ್ಮಾನ ಕಟುವಾಗಿತ್ತು: ಗ್ರಂಥ ಪ್ರಾಚೀನವಲ್ಲ, 20ನೆಯ ಶತಮಾನದ ಮೊದಲ ದಶಕಗಳದ್ದು, ಈ ವಿಮಾನಗಳು ಯಾವುವೂ ಹಾರಲಾರವು. ನಾಲ್ಕರಲ್ಲಿ ರುಕ್ಮ ಒಂದರಲ್ಲೇ ಅವರಿಗೆ ಅರ್ಥವಾಗುವಂಥ ಒಂದು ಎಳೆ ಕಂಡಿತು. ಮೇಲಿನ ಫ್ಯಾನುಗಳು ಗಾಳಿ ಎಳೆದು ಉದ್ದನೆಯ ಕೊಳವೆಗಳ ಮೂಲಕ ಕೆಳಗೆ ದೂಡಿ ಎತ್ತುವ ಬಲ ಹುಟ್ಟಿಸಬೇಕೆಂಬ ಕಲ್ಪನೆ ಅದು. ಕಲ್ಪನೆ ಸರಿ, ಕಟ್ಟಿದ್ದು ತಪ್ಪು. ಆ ಕೊಳವೆಗಳನ್ನು ಬಿಡಿಸಿದ ಕೈ ಯಾರದೆಂಬುದು ನಿಮಗೆ ಈಗ ಗೊತ್ತು. ಯಾರೋ ಅದೇ ಕೈಗೆ ಗಾಳಿಯ ಶಾಸ್ತ್ರವನ್ನೂ ಕಲಿಸಿದ್ದರೆ ಏನಾಗುತ್ತಿತ್ತೋ ಎಂಬ ಚಪಲ ನನ್ನನ್ನು ಬಿಡುತ್ತಿಲ್ಲ.

ಊರಿಗೆ ಬಂದು ಆ ಲೇಖನವನ್ನು ಮಾಸ್ತರರ ಫೋನಿಗೆ ಕಳಿಸಿದೆ. ಓದುವುದಿಲ್ಲ ಎಂದುಕೊಂಡಿದ್ದೆ. ಓದಿದ್ದಾರೆ. ರುಕ್ಮದ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು ಫೋಟೊ ಹೊಡೆದು ಕಳಿಸಿದರು: “ಅವರಿಗೂ ಇದನ್ನ ಪೂರ್ತಿ ಇಲ್ಲ ಅನ್ನಾಕ ಆಗಿಲ್ಲ ನೋಡ್ರಿ.” ಕೊನೆಯ ತೀರ್ಮಾನವನ್ನೂ ಓದಿದಿರಾ ಎಂದು ಫೋನ್ ಮಾಡಿ ಕೇಳಿದೆ. ಅದನ್ನೂ ಓದಿದ್ದಾರಂತೆ. ಅದನ್ನು ಬರೆಯುವಾಗ ವಿಜ್ಞಾನಿಗಳು ಸ್ವಲ್ಪ ಅವಸರ ಮಾಡಿದರು, 39 ಸಿಗುವವರೆಗಾದರೂ ತಡೆಯಬೇಕಿತ್ತು ಎಂಬುದು ಅವರ ಅಭಿಪ್ರಾಯ.