ಗಾಳಿಯನ್ನು ಸೀಳುವ ಗಾಡಿ

ಹೊಸೂರಿನಿಂದ ಕೃಷ್ಣಗಿರಿಗೆ ಬೈಕಿನಲ್ಲಿ ಹೋಗಿದ್ದೀರಾ? ಶೂಳಗಿರಿ ದಾಟಿ ಗಾಡಿ ಜೋರಾದರೆ ಗಾಳಿ ಎದೆಗೆ ಒತ್ತುತ್ತದೆ. ಹೆಗಲ ಮೇಲಿನ ಟವೆಲು ಪಟಪಟ ಅನ್ನುತ್ತದೆ. ಗಾಳಿ ಕಣ್ಣಿಗೆ ಕಾಣೋದಿಲ್ಲ. ಆದರೂ ಅದು ಗಾಡಿಯನ್ನು ತಡೆಯುತ್ತದೆ.

ವೇಗ ಎರಡು ಪಟ್ಟಾದರೆ ಈ ತಡೆ ನಾಲ್ಕು ಪಟ್ಟಾಗುತ್ತದೆ. ಅಷ್ಟು ಗಾಳಿಯನ್ನು ತಳ್ಳಲು ಹೆಚ್ಚು ಪೆಟ್ರೋಲು, ಡೀಸೆಲ್ ಬೇಕು. ಅಂದರೆ ನಮ್ಮ ದುಡ್ಡೇ ಗಾಳಿಗೆ ಹೋಗುತ್ತದೆ.

ಇದನ್ನು ಹಿಂದಿನವರು ಹೇಗೆ ಕಂಡುಕೊಂಡರು ನೋಡಿ. ಬೆಲ್ಜಿಯಂ ದೇಶದ ಕಮೀಲ್ ಜೆನಾತ್ಸಿ 1899ರಲ್ಲಿ ಒಂದು ಕಾರು ಮಾಡಿಸಿದ. ಅದರ ಮೈ ಉದ್ದವಾಗಿ, ಎರಡೂ ತುದಿ ಚೂಪಾಗಿತ್ತು. ಪ್ಯಾರಿಸ್ ಹತ್ತಿರ ಅದು ಗಂಟೆಗೆ 105 ಕಿಲೋಮೀಟರ್ ದಾಟಿ ಓಡಿತು. 100 ಕಿಲೋಮೀಟರ್ ವೇಗ ದಾಟಿದ ಮೊದಲ ಕಾರು ಅದೇ. ಅದು ಬ್ಯಾಟರಿ ಕಾರು! ಇಂದು ನಮ್ಮ ಹೊಸೂರು, ಪೋಚಂಪಳ್ಳಿಗಳಲ್ಲೂ ಬ್ಯಾಟರಿ ಸ್ಕೂಟರುಗಳು ತಯಾರಾಗುತ್ತಿವೆ.

ಆದರೆ ಆ ಕಾರಿನಲ್ಲಿ ಒಂದು ಕೊರತೆ ಇತ್ತು. ಚಾಲಕನ ಎದೆ, ತಲೆ ಮೇಲೆದ್ದು ಕಾಣುತ್ತಿದ್ದವು. ಚಕ್ರಗಳೂ ಹೊರಗಿದ್ದವು. ಗಾಳಿ ಅವಕ್ಕೆಲ್ಲ ಬಡಿಯುತ್ತಿತ್ತು.

ಆಮೇಲೆ ಎಡ್ಮಂಡ್ ರುಂಪ್ಲರ್ ಬಂದ. ಅವನು ಮೊದಲು ವಿಮಾನ ಕಟ್ಟುತ್ತಿದ್ದವನು. 1921ರಲ್ಲಿ ಬರ್ಲಿನ್ ನಗರದಲ್ಲಿ ನೀರಿನ ಹನಿಯಂಥ ಕಾರು ತೋರಿಸಿದ. ಅದರ ಮುಂಭಾಗ ದುಂಡಗೆ, ಹಿಂಭಾಗ ಸಪೂರ. ಜನ ಅದನ್ನು ಹೆಚ್ಚು ಕೊಳ್ಳಲಿಲ್ಲ. ಆದರೆ 1979ರಲ್ಲಿ ಅದನ್ನು ಗಾಳಿ ಬೀಸಿ ಪರೀಕ್ಷೆ ಮಾಡಿದರು. ಆಗಿನ ಎಷ್ಟೋ ಹೊಸ ಕಾರುಗಳಿಗಿಂತ ಆ ಹಳೇ ಕಾರೇ ಗಾಳಿಯನ್ನು ಚೆನ್ನಾಗಿ ಸೀಳಿತು!

ಹಿಂಭಾಗ ಸಪೂರ ಯಾಕೆ? ಕೆಲವರಪಳ್ಳಿ ಅಣೆಕಟ್ಟಿನ ಮೀನು ನೆನಪು ಮಾಡಿಕೊಳ್ಳಿ. ಮುಂದೆ ದಪ್ಪ, ಬಾಲದ ಕಡೆ ಸಣ್ಣ. ನೀರು ಮೈ ಸವರಿಕೊಂಡು ಹೋಗಿ ಬಾಲದ ಹತ್ತಿರ ಮತ್ತೆ ಕೂಡುತ್ತದೆ. ಗಾಳಿಯೂ ಹಾಗೆಯೇ. ಹಿಂಭಾಗ ಗೋಡೆಯಂತೆ ಚಪ್ಪಟೆ ಇದ್ದರೆ ಗಾಳಿ ಅಲ್ಲಿ ಸುಳಿಯಾಗುತ್ತದೆ. ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ.

ನೀವೇ ಮಾಡಿ ನೋಡಿ. ಉರಿಯುವ ಮೇಣದಬತ್ತಿಯ ಮುಂದೆ ಒಂದು ದುಂಡನೆ ಬಾಟಲಿ ಇಡಿ. ಬಾಟಲಿಯ ಈ ಕಡೆಯಿಂದ ಜೋರಾಗಿ ಊದಿ. ಗಾಳಿ ಬಾಟಲಿಯನ್ನು ಸುತ್ತಿ ಹೋಗಿ ಬತ್ತಿಯನ್ನು ಆರಿಸುತ್ತದೆ. ಬತ್ತಿಯನ್ನು ಮತ್ತೆ ಹಚ್ಚಿ. ಬಾಟಲಿ ತೆಗೆದು ಸ್ಲೇಟು ನಿಲ್ಲಿಸಿ ಊದಿ. ಈಗ ಬತ್ತಿ ಆರುವುದಿಲ್ಲ. ಜ್ವಾಲೆ ಸ್ಲೇಟಿನ ಕಡೆಗೇ ವಾಲುತ್ತದೆ. ಅದೇ ಸುಳಿಯ ಎಳೆತ.

ಲಾರಿಯ ಆಕಾರವನ್ನು ನಾವು ಬದಲಿಸಲು ಆಗದು. ಆದರೆ ಟಾರ್ಪಾಲನ್ನು ಬಿಗಿಯಾಗಿ ಕಟ್ಟಬಹುದು. ಖಾಲಿ ಇದ್ದಾಗ ಬೈಕಿನ ಪಕ್ಕದ ಚೀಲ ತೆಗೆದಿಡಬಹುದು. ವೇಗವನ್ನು ಸ್ವಲ್ಪ ತಗ್ಗಿಸಬಹುದು. ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.