ಮನೆಯ ಪಿಸಿಯೊಳಗೊಂದು ಸರ್ನ್ ಕಂಪ್ಯೂಟರ್

ಸರ್ನ್ ವಿಜ್ಞಾನಿಗಳ ತಂತ್ರಾಂಶ ಲಿನಕ್ಸ್‌ಗೆಂದೇ ಬರೆದದ್ದು.
ಅದು ವಿಂಡೋಸ್ ಇರುವ ಮನೆಯ ಪಿಸಿಯಲ್ಲಿ ಓಡುವುದು ಹೇಗೆ?

ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್,
2004ರಲ್ಲಿ ‘ಎಲ್‌ಎಚ್‌ಸಿ ಅಟ್ ಹೋಮ್’ ಶುರುಮಾಡಿತು.
ಮನೆಮನೆಗಳಲ್ಲಿ ಸುಮ್ಮನಿರುವ ಪಿಸಿಗಳಿಗೆ
ಲೆಕ್ಕ ಹಂಚುವ ಯೋಜನೆ.
ಹಂಚುವುದಕ್ಕೆ ಬಾಯಿಂಕ್ ಎಂಬ ಉಚಿತ ತಂತ್ರಾಂಶ.

ಮೊದಮೊದಲು ಹೋದದ್ದು ಪುಟ್ಟ ಪ್ರೋಗ್ರಾಂ:
ಎಲ್‌ಎಚ್‌ಸಿ ಎಂಬ ಕಣವೇಗವರ್ಧಕದ ಸುರಂಗದೊಳಗೆ ಪ್ರೋಟಾನ್‌ಗಳು
ದಾರಿ ತಪ್ಪದೆ ಸುತ್ತುತ್ತವೆಯೇ ಎಂಬ ಲೆಕ್ಕ.
ಕಣಗಳ ಡಿಕ್ಕಿಯ ಲೆಕ್ಕ ಹಾಗಲ್ಲ.
ಅದರ ತಂತ್ರಾಂಶ ಬಲು ದೊಡ್ಡದು, ಪದೇಪದೇ ಬದಲಾಗುವಂಥದ್ದು.
ವಿಂಡೋಸ್‌ಗೊಂದು, ಮ್ಯಾಕ್‌ಗೊಂದು ಬರೆಯುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ.

2011ರಲ್ಲಿ ದಾರಿ ಸಿಕ್ಕಿತು: ವರ್ಚುವಲ್ ಮೆಷೀನ್.
ಪಿಸಿಯೊಳಗೇ ಇನ್ನೊಂದು ಪಿಸಿ.

ಇದು ಮನೆಯಲ್ಲೇ ಬಾಡಿಗೆಗೆ ಕೊಟ್ಟ ಕೋಣೆಯಂತೆ.
ಅದಕ್ಕೆ ಬೇರೆ ಬಾಗಿಲು, ಬೇರೆ ಒಲೆ.
ಬಾಡಿಗೆಯವರ ಅಡುಗೆ ಅವರದು;
ಮನೆಯವರ ಬೀರುವಿಗೆ ಅವರು ಕೈಹಾಕುವಂತಿಲ್ಲ.

ಕೋಣೆ ಕಟ್ಟುವುದು ವರ್ಚುವಲ್‌ಬಾಕ್ಸ್.
ಒಳಗೆ ಸರ್ನ್‌ನವರೇ ಸಜ್ಜುಗೊಳಿಸಿದ ಪುಟ್ಟ ಲಿನಕ್ಸ್.
ತಂತ್ರಾಂಶವೆಲ್ಲ ಒಮ್ಮೆಗೇ ಇಳಿಯುವುದಿಲ್ಲ;
ಬೇಕಾದ ಫೈಲು ಮಾತ್ರ, ಬೇಕಾದಾಗ ಬರುತ್ತದೆ.
ಜಾಣತನವಿರುವುದು ಇಲ್ಲೇ.

ಎಷ್ಟೋ ಸಲ ಕೆಲಸ ಶುರುವಾಗುವುದೇ ಇಲ್ಲ.
ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ
ಬಯೋಸ್‌ನಲ್ಲಿ ಆಫ್ ಆಗಿರುವುದೇ ಸಾಮಾನ್ಯ ಕಾರಣ.
ಅದನ್ನು ಆನ್ ಮಾಡಿದರೆ ಸಾಕು.

ಖರ್ಚೂ ಇದೆ.
ಲೆಕ್ಕ ನಡೆಯುವಷ್ಟು ಹೊತ್ತು
ರ‍್ಯಾಮ್‌ನ ದೊಡ್ಡ ಪಾಲು ಅದಕ್ಕೇ ಮೀಸಲು.
ಪ್ರೊಸೆಸರ್ ಬಿಸಿಯೇರುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ.
ಹಳೆಯ ಲ್ಯಾಪ್‌ಟಾಪನ್ನು ಇದಕ್ಕೆ ಹಚ್ಚದಿರುವುದೇ ಒಳ್ಳೆಯದು.

ಲೆಕ್ಕ ಮುಗಿದಾಗ ಫಲಿತಾಂಶ ಸರ್ನ್‌ಗೆ ಹೋಗುತ್ತದೆ.
ಮುಂದಿನ ಲೆಕ್ಕ ಬಂದಿಳಿಯುತ್ತದೆ.